ಹಾವು ಅಂದ ಬಾಯಿ

ಬೆಳಕು ಹರಿಯುವ ಹೊತ್ತಿಗೆ ಹೊಲದ ಕರೆಂಟು ಹೋಗುತ್ತದೆ, ಆಮೇಲೆ ಬೇಲಿಯ ತಂತಿ ಬರೀ ತಂತಿ ಎಂದು ಹೇಳಿ ಶಿವಲಿಂಗ ಹಳಿಯಾಳಕ್ಕೆ ಹೋಗಿದ್ದ. ಕಾಡುಹಂದಿಗಳ ಕಾಟಕ್ಕೆಂದು ಕಂಬಕ್ಕೆ ಕಳ್ಳ ಕೊಕ್ಕೆ ಹಾಕಿ ಎಳೆದ ತಂತಿ ಅದು. ಹೊಲ ಟಿಬೆಟನ್ ಕಾಲೊನಿಯವರದು, ಲಾವಣಿಗೆ, ಅಂದರೆ ಗೇಣಿಗೆ, ಹಿಡಿದದ್ದು. ಹೆಂಡತಿ ನೀಲಕ್ಕ ಬೇಡವೆಂದಿದ್ದಳು. ಅವಳ ಮಾತು ಆ ಮನೆಯಲ್ಲಿ ಯಾರ ಕಿವಿಗೆ ಬಿದ್ದಿತ್ತು ಹೇಳಿ!

ಇಂದು ಬೆಳಕು ಹರಿದರೂ ಪಕ್ಕದ ಹೊಲದ ಪಂಪು ಓಡುತ್ತಲೇ ಇತ್ತು. ಅಂದರೆ ಕರೆಂಟು ಹೋಗಿಲ್ಲ. ಹೊಲದಲ್ಲಿದ್ದ ನೀಲಕ್ಕ ಬೇಲಿಯ ಕಡೆ ತಿರುಗಿ ನೋಡಿದಳು. ಬದುವಿನ ಮೇಲೆ, ಜಪಮಣಿ ಎಣಿಸುತ್ತ, ಮುದುಕ ಲೋಬ್ಸಾಂಗ್ ಲಾಮಾ ನೇರ ತಂತಿಯ ಕಡೆಗೇ ಬರುತ್ತಿದ್ದರು.

ನಿಜ ಹೇಳಿದರೆ ಗಂಡ ಜೈಲಿಗೆ, ಗೋವಿನಜೋಳದ ಹೊಲ ಕೈಬಿಟ್ಟಂತೆ. ಬಾಯಿಗೆ ಬಂದದ್ದನ್ನು ಕೂಗಿದಳು. "ನಿಂದರ್ರಿ ಲಾಮಾರ! ಇಲ್ಲಿ ಹಾವು ಐತಿ!"

ಅವಳ ಊರು ಪಾಳಾದ ಯಾವ ಗಂಡಸಾದರೂ ಹಿಂದಕ್ಕೆ ಹಾರುತ್ತಿದ್ದ. ಲಾಮಾ ಬಿರಬಿರನೆ ಮುಂದೆ ಬಂದರು. "ಹೊಡೀಬ್ಯಾಡ ಅಕ್ಕಾ! ನಾನು ಹಿಡಿದು ಕಾಡಿಗೆ ಬಿಡ್ತೀನಿ!"

ಕಾಲೊನಿಯಲ್ಲಿ ಹಾವು ಕಂಡರೆ ಜನ ಬಡಿಗೆ ತರುವ ಮೊದಲೇ ಓಡಿಬಂದು ಅದನ್ನು ಉಳಿಸುವವರು ಇವರೇ ಅಲ್ಲವೇ! ಅವಳಿಗೆ ಅಳುವೇ ಬಂತು. ತಂತಿಗೂ ಅವರ ಕೆಂಪು ಬಟ್ಟೆಗೂ ಮಾರು ದೂರ ಉಳಿದಿತ್ತು.

"ಹಾವಿಲ್ಲರೀ! ಸುಳ್ಳು ಹೇಳೀನಿ! ತಂತ್ಯಾಗ ಕರೆಂಟ್ ಐತಿ, ನನ್ನ ಗಂಡ ಹಾಕ್ಯಾನ!"

ಲಾಮಾ ನಿಂತರು. ಪಕ್ಕದ ಹೊಲದಲ್ಲಿ ಕಸ ಕೀಳುತ್ತಿದ್ದವರೂ ತಲೆ ಎತ್ತಿದರು.

"ಅಕ್ಕಾ, ಕೆಲಸ ಮಾಡೋ ಮುಂಚೆ ಕೇಳಬೇಕು, ಯಾರಿಗೆ ನೋವು ಅಂತ," ಎಂದರು ಲಾಮಾ. "ಮುಂಚೆ ಕೇಳಿಲ್ಲ ಅಂದ್ರೆ ನಡುವೆ ಕೇಳಬೇಕು. ಈ ಕೆಲಸ ಈಗ ನಡುವೆ ಐತಿ, ಇನ್ನೂ ನಿಲ್ಲಿಸಬಹುದು."

ಅವಳು ಗಂಡನಿಗೆ ಫೋನು ಹಚ್ಚಿದಳು. ಎಲ್ಲ ಕೇಳಿ ಅವನು ಸಿಡಿದ. "ಹುಚ್ಚಿ! ಹಾವು ಗೀವು ಅಂತ ಏನರ ಹೇಳಬಾರದಿತ್ತೇನ?"

"ಹೇಳಿದ್ದೆ. ಅದಕ್ಕ ಅವರು ಸಾಯ್ತಿದ್ರು."

"ಲೈನ್‌ಮನ್‌ಗೆ ಗೊತ್ತಾದ್ರ ನಾ ಒಳಗ ಹೋಗ್ತೇನಿ, ನೆಪ್ಪಿರಲಿ. ನಾ ಬರೂತನಕ ಬಾಯಿ ಮುಚ್ಕೊಂಡಿರು."

ಹಳಿಯಾಳದಿಂದ ಅವನು ಬರುವಷ್ಟರಲ್ಲಿ ಮೇವಿಗೆ ಬರುವ ಹೆಂಗಸರು, ದನ, ಶಾಲೆಯ ಮಕ್ಕಳು, ಎಲ್ಲರೂ ಇದೇ ಬದು ಹಾಯುತ್ತಾರೆ. ಅವನ ಕೈ ಎಷ್ಟು ಗಟ್ಟಿ ಎಂಬುದೂ ಅವಳಿಗೆ ಗೊತ್ತಿತ್ತು. ಹೆದರಿಕೆ ಒಂದು ಕೂದಲೆಳೆಯೂ ಕಡಿಮೆಯಾಗಲಿಲ್ಲ. ಅವನ ಫೋನು ಕಡಿದು, ಲೈನ್‌ಮನ್ ಸಿದ್ದಲಿಂಗನಿಗೆ ಹಚ್ಚಿ, ಬೇಲಿಯ ತಂತ್ಯಾಗ ಕರೆಂಟ್ ಐತಿ, ಲೈನ್ ಬಂದ್ ಮಾಡ್ರಿ ಎಂದಳು.

"ಕಳ್ಳ ಕೊಕ್ಕೆನಾ? ಯಾರ ಹೊಲದಾಗರೀ?"

"ನಮ್ಮ ಹೊಲದಾಗ," ಎಂದಳು ನೀಲಕ್ಕ.