ನೆಟ್ಟಿನ ವೇಳಾಪಟ್ಟಿ

ನಮ್ಮ ಲಾಂಡ್ರಿಯ ಗೋಡೆಗೆ ಒಂದು ಚಾರ್ಟ್ ಅಂಟಿಸಿದ್ದಾರೆ. ನೀಲಿ ಗೆರೆ, ಕೆಂಪು ಅಕ್ಷರ, ಆವಿ ತಾಗದಿರಲಿ ಅಂತ ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಇಂಟರ್ನೆಟ್ಟು ಯಾವ ಹೊತ್ತಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಅದರಲ್ಲಿ ಬರೆದಿದೆ. ಬೆಳಿಗ್ಗೆ ಎಂಟರಿಂದ ಒಂದರವರೆಗೆ ಇಸ್ತ್ರಿ ಮೇಜಿನ ಬಳಿ. ಒಂದರಿಂದ ಒಂದೂವರೆ, ಮೂಲೆಯ ಕಿಟಕಿ. ಆಮೇಲೆ ಮತ್ತೆ ಇಸ್ತ್ರಿ ಮೇಜು. ನಾಲ್ಕು ಗಂಟೆಗೆ ಹತ್ತು ನಿಮಿಷ ಹಿಂಬಾಗಿಲು.

ಇದನ್ನು ಕಂಡುಹಿಡಿದು ಬರೆದವರು ಯಜಮಾನರ ಅಳಿಯ. ಓದಿದವರೆಲ್ಲ ಹೌದಲ್ಲ ಅಂದರು. ಅದು ಇಂಟರ್ನೆಟ್ಟಿನ ವೇಳಾಪಟ್ಟಿ ಅಲ್ಲ, ನನ್ನ ದಿನಚರಿ ಅಂತ ಗೊತ್ತಿದ್ದದ್ದು ನನಗೊಬ್ಬಳಿಗೇ. ನಾನು ಇಸ್ತ್ರಿ ಮೇಜಿನ ಬಳಿ ನಿಂತು ಬಟ್ಟೆ ಮಡಚುತ್ತೇನೆ, ಮೂಲೆಯ ಕಿಟಕಿಯಲ್ಲಿ ಕೂತು ಊಟ ಮಾಡುತ್ತೇನೆ, ನಾಲ್ಕು ಗಂಟೆಗೆ ಹಿಂಬಾಗಿಲಲ್ಲಿ ನಿಂತು ಬೆವರು ಆರಿಸಿಕೊಳ್ಳುತ್ತೇನೆ.

ಆಗಿದ್ದು ಹೀಗೆ. ನಮ್ಮಲ್ಲಿಗೆ ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯಲು ಬರುತ್ತದೆ. ಎಲ್ಲ ಬಿಳಿ, ಎಲ್ಲ ಒಂದೇ ಥರ. ಯಾವುದು ಯಾರದು ಎಂದು ಹೇಳುತ್ತಿದ್ದವಳು ನನ್ನ ಚಿಕ್ಕಮ್ಮ. ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜುತ್ತಾಳೆ, ಹೊಲಿಗೆಯ ಮೇಲೆ ಉಗುರು ಓಡಿಸುತ್ತಾಳೆ, "ಹೆರಿಗೆ ವಾರ್ಡು" ಅನ್ನುತ್ತಾಳೆ. ತಪ್ಪಿದ್ದನ್ನು ನಾನು ಕಂಡಿಲ್ಲ. ಎಲ್ಲರೂ ಅವಳನ್ನು ಗುರುತಕ್ಕ ಅಂತಲೇ ಕರೆಯುವುದು. ಅವಳು ಕೂರುವ ಕಬ್ಬಿಣದ ಸ್ಟೂಲಿಗೆ ಒಂದು ಕಾಲು ಗಿಡ್ಡ. ಎಡಕ್ಕೆ ಭಾರ ಹಾಕಿ ಕೂರುವ ವಿದ್ಯೆ ಅವಳಿಗೆ ಮಾತ್ರ ಗೊತ್ತು. ಒಮ್ಮೆ ಅಳಿಯಂದಿರು ಅದರ ಮೇಲೆ ಕೂತು ಒದ್ದೆ ಬಟ್ಟೆಯ ಬುಟ್ಟಿಯೊಳಗೆ ಬಿದ್ದಿದ್ದರು. ನಗದೆ ಇರಲು ನಾವು ಪಟ್ಟ ಕಷ್ಟ ಅಷ್ಟಿಷ್ಟಲ್ಲ.

ಹೀಗಿರುವಾಗ ಅಳಿಯಂದಿರು ಅಂಗೈಯಗಲದ ಒಂದು ಕಂಪ್ಯೂಟರ್ ತರಿಸಿದರು. ಬಟ್ಟೆಗೆ ಹೊಲಿದ ಪುಟ್ಟ ಚೀಟಿಗೆ ಅದನ್ನು ಹಿಡಿದರೆ ಕೀಂ ಅನ್ನುತ್ತದೆ, ಇಂಟರ್ನೆಟ್ಟಿಗೆ ಹೋಗಿ ಕೇಳಿಕೊಂಡು ಬಂದು ಇದು ಇಂಥವರ ಬಟ್ಟೆ ಎಂದು ತೋರಿಸುತ್ತದೆ. ಆದರೆ ಅದಕ್ಕೆ ಸ್ವಂತ ಇಂಟರ್ನೆಟ್ಟಿಲ್ಲ. ಯಾರದಾದರೂ ಮೊಬೈಲಿನಿಂದ ಎರವಲು ಪಡೆಯಬೇಕು.

ಅದನ್ನು ಮಾರಲು ಬಂದವನು ಜೋಡಿಸಿ ತೋರಿಸುವ ಹೊತ್ತಿಗೆ ಅಳಿಯಂದಿರಿಗೆ ಫೋನ್ ಬಂತು. ಅಂಗಳದಲ್ಲಿ ಅರ್ಧ ಗಂಟೆ ಓಡಾಡುತ್ತ ಮಾತಾಡಿದರು. ಬಂದವನಿಗೆ ಅವಸರ. ಸುತ್ತ ನೋಡಿ ನನ್ನನ್ನು ಕೇಳಿದ, "ತಂಗೀ, ನಿನ್ನ ಮೊಬೈಲಲ್ಲಿ ನೆಟ್ ಇದೆಯಾ?" ಕೊಟ್ಟೆ. ಹಾಟ್‌ಸ್ಪಾಟ್ ಹಾಕಿದ, ಪಾಸ್‌ವರ್ಡ್ ಒತ್ತಿದ, ಕೀಂ ಅಂತು. "ಇದನ್ನ ಆಫ್ ಮಾಡಬೇಡ, ಮಾಡಿದ್ರೆ ಲಿಂಕ್ ಕಡಿದುಹೋಗುತ್ತೆ. ಆಮೇಲೆ ನಿಮ್ಮ ಸಾಹೇಬರು ಅವರ ಫೋನಿಗೆ ಬದಲಾಯಿಸಿಕೊಳ್ಳಲಿ, ಹೇಳಿಬಿಡು" ಅಂತ ಹೊರಟೇ ಹೋದ.

ಅಳಿಯಂದಿರು ಒಳಗೆ ಬಂದರು, ಯಂತ್ರ ಎತ್ತಿ ಚೀಟಿಗೆ ಹಿಡಿದರು. ಕೀಂ.

"ನೋಡಿದ್ರಾ ಮಾವ? ನಾನು ಬೆಳಿಗ್ಗೆನೇ ಎಲ್ಲ ಸೆಟ್ಟಿಂಗ್ ಮಾಡಿಟ್ಟಿದ್ದೆ."

ನಾನು ಹೇಳಲೆಂದು ಎರಡು ಹೆಜ್ಜೆ ಮುಂದೆ ಬಂದೆ. ನಾಚಿಕೆಯಾಗಿ ಏಪ್ರನ್ ಅಂಚು ಹಿಡಿದು ನಿಂತುಬಿಟ್ಟೆ. ನನಗೆ ಯಾವಾಗಲೂ ಹಾಗೆಯೇ. "ಏನು ಮೂಗೀ, ನೋಡ್ತಾ ನಿಂತೆ? ಮಡಚು, ಮಡಚು" ಅಂದರು. ನನಗೆ ಅವರಿಟ್ಟ ಹೆಸರು ಅದು. ಮಡಚಿದೆ.

ಮರುದಿನದಿಂದ ಅಳಿಯಂದಿರ ಸಂಶೋಧನೆ ಶುರುವಾಯಿತು. ಇಸ್ತ್ರಿ ಮೇಜಿನ ಬಳಿ ನೆಟ್ ಸಿಗುತ್ತದೆ, ಬಟ್ಟೆ ಒಗೆಯುವ ಡ್ರಮ್ಮುಗಳ ಆಚೆ ಸಿಗುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದರು. "ಇಲ್ಲಿ ಬೀಳುತ್ತೆ. ಯಾರೂ ತುಳೀಬೇಡಿ." ಊಟದ ಹೊತ್ತಿಗೆ ಚೌಕದಲ್ಲಿ ನೆಟ್ ಇಲ್ಲ, ಕಿಟಕಿಯಲ್ಲಿದೆ. ತಲೆ ಕೆರೆದುಕೊಂಡರು. "ಮಧ್ಯಾಹ್ನ ಬಿಸಿಲು ಏರುತ್ತೆ ನೋಡಿ, ಆವಿಗೆ ಸಿಗ್ನಲ್ ಹಗುರಾಗಿ ಆ ಕಡೆ ಸರಿಯುತ್ತೆ." ಯಜಮಾನರು ತಲೆದೂಗಿದರು. ಮಗಳನ್ನು ಕೊಟ್ಟ ಮೇಲೆ ತಲೆದೂಗದೆ ಏನು ಮಾಡುತ್ತಾರೆ?

ಆ ವಾರದ ಕೊನೆಗೆ ಚಾರ್ಟ್ ಗೋಡೆಗೇರಿತು. ನನಗೆ ನಗು ಬರಬೇಕಿತ್ತು. ಆದರೆ ಅವತ್ತೇ ಯಜಮಾನರು ಚಿಕ್ಕಮ್ಮನನ್ನು ಕರೆದಿದ್ದರು.

"ಅಕ್ಕಾ, ದೊಡ್ಡಾಸ್ಪತ್ರೆ ಬಟ್ಟೆ ಒಗೆಯೋ ಕೆಲಸ ಯಾರಿಗೆ ಕೊಡೋದು ಅಂತ ನೋಡೋಕೆ ಅಲ್ಲಿನ ಮೇಟ್ರನ್ ಈ ತಿಂಗಳ ಕೊನೆಗೆ ಬರ್ತಾರೆ. ಯಂತ್ರ ಅವರ ಮುಂದೆ ಸರಿಯಾಗಿ ಕೆಲಸ ಮಾಡಿದ್ರೆ, ಒಂದನೇ ತಾರೀಕಿನಿಂದ ನಿಮಗೆ ವಿಶ್ರಾಂತಿ."

ವಿಶ್ರಾಂತಿ ಅನ್ನುವುದನ್ನು ಬಹುಮಾನ ಕೊಟ್ಟ ಹಾಗೆ ಹೇಳಿದರು. ಚಿಕ್ಕಮ್ಮನಿಗೆ ಐವತ್ತನಾಲ್ಕು. ಅಂಚು ಉಜ್ಜಿ ವಾರ್ಡು ಹೇಳುವ ವಿದ್ಯೆಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಎಂಟನೇ ತರಗತಿ ಬಿಟ್ಟ ನನ್ನನ್ನು ಕೈಹಿಡಿದು ಇಲ್ಲಿಗೆ ತಂದವಳು ಅವಳು. ನಾವಿಬ್ಬರೂ ಇರುವುದು ಒಂದೇ ಕೋಣೆಯಲ್ಲಿ. ಅವತ್ತು ಅಡುಗೆಗೆ ಎರಡು ಸಲ ಉಪ್ಪು ಹಾಕಿ, "ಇವತ್ತು ಉಪ್ಪು ಜಾಸ್ತಿ ಅಲ್ವೇನೇ?" ಎಂದು ನನ್ನನ್ನೇ ಕೇಳಿದಳು.

ನಿಜ ಹೇಳಿದರೆ ಅಳಿಯಂದಿರು ತಮ್ಮ ಫೋನಿಗೆ ಜೋಡಿಸಿಕೊಳ್ಳುತ್ತಾರೆ, ಆಗ ಯಂತ್ರ ಎಲ್ಲೆಂದರಲ್ಲಿ ನಡೆಯುತ್ತದೆ, ಚಿಕ್ಕಮ್ಮ ಮನೆಗೆ. ಹಾಟ್‌ಸ್ಪಾಟ್ ಆರಿಸಿಬಿಟ್ಟರೆ ಮಾರಿದವನನ್ನು ಕರೆಸುತ್ತಾರೆ, ಅವನು ನನ್ನ ಕಡೆ ಬೆರಳು ತೋರಿಸುತ್ತಾನೆ, ಆಗಲೂ ಅದೇ ಕಥೆ. ಹೀಗಾಗಿ ಚಿಕ್ಕಮ್ಮನ ಅನ್ನ ಕಿತ್ತುಕೊಳ್ಳುವ ಯಂತ್ರಕ್ಕೆ ನಾನೇ ದಿನವೂ ನನ್ನ ಏಪ್ರನ್ ಜೇಬಿನಿಂದ ಉಣಿಸುತ್ತಿದ್ದೆ.

ಮೇಟ್ರನ್ ಬರುವ ದಿನ ಬೆಳಿಗ್ಗೆಯಿಂದ ನೆಲ ತೊಳೆದದ್ದೇ ತೊಳೆದದ್ದು. ಅಳಿಯಂದಿರು ಹೊಸ ಷರ್ಟು ಹಾಕಿಕೊಂಡು ಚಾರ್ಟಿನ ಮುಂದೆ ನಿಂತರು. "ಹನ್ನೊಂದು ಗಂಟೆ, ಇಸ್ತ್ರಿ ಮೇಜು. ಪಕ್ಕಾ." ಆಮೇಲೆ ಮೇಜಿನ ಸುತ್ತ ಕಣ್ಣಾಡಿಸಿದರು. ನಾನಿದ್ದೆ. ಚಿಕ್ಕಮ್ಮ ಇದ್ದಳು. ತುಕ್ಕು ಹಿಡಿದ ಸ್ಟೂಲಿತ್ತು.

"ಬಂದವರ ಕಣ್ಣಿಗೆ ಇದೆಲ್ಲ ಬೀಳೋದು ಬೇಡ. ಮೂಗೀ, ಆ ಸ್ಟೂಲು ಎತ್ಕೊಂಡು ನಿಮ್ಮ ಚಿಕ್ಕಮ್ಮನ ಜೊತೆ ಹಿತ್ತಲಿಗೆ ಹೋಗು. ಕರೆಯೋ ತನಕ ಬರಬೇಡಿ."

ನಾನು ಬಾಯಿ ತೆರೆಯಲಿಲ್ಲ. ಜನ್ಮದಲ್ಲಿ ಮೊದಲ ಸಲ, ನಾಚಿಕೆಯಿಂದಲ್ಲ.

ಹಿತ್ತಲಲ್ಲಿ ಮೂರು ಸಾಲು ಒದ್ದೆ ಬಟ್ಟೆಯ ಆಚೆ ಸ್ಟೂಲು ಇಟ್ಟೆ. ಚಿಕ್ಕಮ್ಮ ಕೂತಳು. ನಾನು ಎಲ್ಲವನ್ನೂ ಹೇಳಿದೆ. ಮೊದಲು ನಂಬಲಿಲ್ಲ. ಜೇಬಿನಿಂದ ಫೋನ್ ತೆಗೆದು ತೋರಿಸಿದೆ. ಸೆರಗು ಬಾಯಿಗೆ ತುರುಕಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬಂತು.

"ಅಂದ್ರೆ ಆ ಚಾರ್ಟ್ ನೀನಾ? ನಾಲ್ಕು ಗಂಟೆ ಹಿಂಬಾಗಿಲು ನೀನಾ? ಅಯ್ಯೋ ನನ್ನ ಕಂದಾ, ನಿನ್ನನ್ನೇ ಗೋಡೆಗೆ ಅಂಟಿಸಿದ್ದಾನಲ್ಲೇ ಮಹರಾಯ!"

ಒಳಗೆ ಏನಾಗುತ್ತಿದೆಯೆಂದು ಬಟ್ಟೆಯ ಸಂದಿಯಿಂದ ಕಿಟಕಿಯಲ್ಲಿ ಕಾಣುತ್ತಿತ್ತು. ಮೇಟ್ರನ್ ಎತ್ತರದ ಹೆಂಗಸು, ಕನ್ನಡಕ, ಕೈಕಟ್ಟಿ ನಿಂತಿದ್ದರು. ಅಳಿಯಂದಿರು ಚೌಕದಲ್ಲಿ ನಿಂತು ಯಂತ್ರವನ್ನು ಚೀಟಿಗೆ ಹಿಡಿದರು. ಸದ್ದಿಲ್ಲ. ಅಲ್ಲಾಡಿಸಿದರು, ಊದಿದರು, ಷರ್ಟಿಗೆ ಉಜ್ಜಿದರು. ತಲೆಯ ಮೇಲೆ ಹಿಡಿದರು. ಕಿಟಕಿಗೆ ಓಡಿದರು. ಕೊನೆಗೆ ಬೂಟು ಕಳಚಿ ಇಸ್ತ್ರಿ ಮೇಜು ಹತ್ತಿ ಸೂರಿನ ಕಡೆ ಕೈಚಾಚಿದರು.

"ಇಳೀರಿ ಅಳಿಯಂದ್ರೇ, ಬಿದ್ದುಗಿದ್ದೀರಿ" ಅಂದರು ಯಜಮಾನರು. ಅವರ ಮುಖ ಹರಳೆಣ್ಣೆ ಕುಡಿದವರ ಹಾಗಿತ್ತು.

"ಎರಡು ನಿಮಿಷ ಮಾವ. ಇವತ್ತು ಸಿಗ್ನಲ್ ಸ್ವಲ್ಪ ಮೇಲೆ ಹೋಗಿದೆ."

ಮೇಟ್ರನ್ ಗಡಿಯಾರ ನೋಡಿಕೊಂಡರು. ಚಿಕ್ಕಮ್ಮ ಕಣ್ಣೊರೆಸಿಕೊಂಡು ಎದ್ದಳು. "ಸ್ಟೂಲು ಎತ್ತೇ. ನಾನು ಎಲ್ಲಿಗೆ ಹೋದ್ರೆ ಅಲ್ಲಿಗೆ ತಾ. ಏನೂ ಮಾತಾಡಬೇಡ. ಅದು ನಿನಗೆ ಕಷ್ಟ ಅಲ್ಲ."

ಒಳಗೆ ಹೋದೆವು. ಸ್ಟೂಲನ್ನು ಹಳೆಯ ಜಾಗದಲ್ಲಿಟ್ಟೆ. ಚಿಕ್ಕಮ್ಮ ಎಡಕ್ಕೆ ಭಾರ ಹಾಕಿ ಕೂತಳು. "ಬಿಸಿಲು ಯಜಮಾನ್ರೇ. ಮಂಡಿ ಹಿಡ್ಕೊಂಡ್ಬಿಡ್ತು."

ಯಜಮಾನರು ರೇಗಲು ಬಾಯಿ ತೆರೆದರು. ಅಷ್ಟರಲ್ಲಿ ಮೇಜಿನ ಮೇಲಿಂದ ಕೀಂ ಅಂತು. ಕೀಂ, ಕೀಂ. ಅಳಿಯಂದಿರು ಅಲ್ಲಿಂದಲೇ ಕೂಗಿದರು, "ಬಂತು!"

"ಅಡ್ಡ ಬಂದೆನೇನೋ, ಹೋಗ್ತೀನಿ ಬಿಡಿ" ಎಂದು ಚಿಕ್ಕಮ್ಮ ಎದ್ದಳು. ನಾನು ಸ್ಟೂಲು ಎತ್ತಿಕೊಂಡು ಹಿಂದೆ ಹೋದೆ. ಯಂತ್ರ ಸತ್ತಿತು.

"ಬನ್ನಿ ಬನ್ನಿ, ವಾಪಸ್ ಬನ್ನಿ!"

ಬಂದೆವು. ಬದುಕಿತು.

ಅಳಿಯಂದಿರು ಮೇಜಿನಿಂದ ಇಳಿದರು. ಸ್ಟೂಲಿನ ಸುತ್ತ ಒಂದು ಸುತ್ತು ಬಂದರು, ಬಗ್ಗಿ ಅದರ ಕಾಲು ತಟ್ಟಿ ನೋಡಿದರು. ಅವರ ಮುಖದಲ್ಲಿ ಬೆಳಕು ಹರಿಯುವುದನ್ನು ನಾವೆಲ್ಲ ಕಣ್ಣಾರೆ ಕಂಡೆವು.

"ಕಬ್ಬಿಣ ಮಾವ! ಆಂಟೆನಾ! ಈ ಹಳೇ ಕಬ್ಬಿಣ ಸಿಗ್ನಲ್ ಎಳೀತಿದೆ. ಸ್ಟೂಲು ಇಲ್ಲೇ ಇರಲಿ. ಅಕ್ಕಾ, ನೀವು ಏಳಿ."

"ಏಳಬಹುದಪ್ಪ" ಅಂದಳು ಚಿಕ್ಕಮ್ಮ. "ಆದ್ರೆ ಇದಕ್ಕೆ ಒಂದು ಕಾಲು ಗಿಡ್ಡ. ಮೇಲೆ ಆಳಿಲ್ಲದಿದ್ರೆ ಅಲ್ಲಾಡುತ್ತೆ. ಅಲ್ಲಾಡೋ ಆಂಟೆನಾ ಆಗುತ್ತಾ? ನೀವೇ ಒಂದ್ಸಲ ಕೂತು ನೋಡಿ."

ಅಳಿಯಂದಿರಿಗೆ ಬುಟ್ಟಿ ನೆನಪಾಗಿರಬೇಕು. "ಬೇಡ ಬೇಡ, ನೀವೇ ಕೂತಿರಿ" ಅಂದರು. ಯಜಮಾನರು ಮೇಟ್ರನ್ ಕಡೆ ತಿರುಗಿ ಎದೆಯುಬ್ಬಿಸಿದರು. "ಇವರು ಇಲ್ಲೇ ಕಾಯಂ ಮೇಡಂ. ಇವರಿಲ್ಲದೆ ನಮ್ಮ ಸಿಸ್ಟಮ್ಮೇ ನಡೆಯಲ್ಲ."

ಎಲ್ಲರೂ ಸ್ಟೂಲನ್ನು ನೋಡುತ್ತಿದ್ದರು. ಮೇಟ್ರನ್ ಮಾತ್ರ ಅದನ್ನು ಹೊತ್ತು ತಂದವಳನ್ನು, ಆಮೇಲೆ ಅವಳ ಜೇಬನ್ನು ನೋಡಿದರು. ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು, "ಚಾರ್ಜ್ ಹಾಕ್ಕೋಮ್ಮ, ಮುಗಿದೀತು." ಕೆಲಸ ನಮಗೇ ಕೊಟ್ಟರು.

ಈಗ ಚಾರ್ಟಿಗೆ ಹೊಸ ಸಾಲೊಂದು ಬಂದಿದೆ: ಸ್ಟೂಲನ್ನು ಸರಿಸಬಾರದು, ಅದರ ಮೇಲೆ ಗುರುತಕ್ಕ ಕೂತಿರಬೇಕು. ನನ್ನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಯಾಕೋ ಬೇಸರವಾಗಲಿಲ್ಲ. ಮೊದಲು ಒಂದು ದಿನದ ರಜೆ ಕೇಳಲು ವಾರಗಟ್ಟಲೆ ಹೆದರುತ್ತಿದ್ದೆ. ಈಗ ನನಗೆ ರಜೆ ಬೇಕಾದ ದಿನ ಚಿಕ್ಕಮ್ಮನಿಗೆ ಮಂಡಿನೋವು ಬರುತ್ತದೆ. ನೋಡಿಕೊಳ್ಳಲು ನಾನು ಮನೆಯಲ್ಲಿ ಉಳಿಯಲೇಬೇಕು. "ಅವರನ್ನ ಚೆನ್ನಾಗಿ ನೋಡ್ಕೋ ಮೂಗೀ" ಅನ್ನುತ್ತಾರೆ ಅಳಿಯಂದಿರು, "ಅವರಿಲ್ಲದಿದ್ರೆ ನೆಟ್ಟೇ ಬರಲ್ಲ."