ಗಿರಾಕಿಯೊಬ್ಬರು ಹಾಕಿದ ಫೋಟೊ

ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಅವಳ ಕೆಲಸ. ಬಸ್ಸಿನಲ್ಲಿ ನೇತಾಡಿ ಸಾಕಾಗಿ, ಸೈಕಲ್ ಕೊಳ್ಳುವ ಮನಸ್ಸು ಮಾಡಿದ್ದಳು. ಅದೂ ಮಡಚುವ ಸೈಕಲ್ಲೇ ಆಗಬೇಕು. ಮೆಟ್ಟಿಲ ಕೆಳಗೆ, ಕರೆಂಟ್ ಮೀಟರಿನ ಹಿಂದೆ, ಅಮ್ಮನ ಕಣ್ಣಿಗೆ ಬೀಳದಂತೆ ಅಡಗಿಸಿಡಬೇಕಿತ್ತು. ಎಂಟು ವರ್ಷದ ಹಿಂದೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಪ್ಪ ಲಾರಿ ಬಡಿದು ತೀರಿಕೊಂಡಿದ್ದ. ಅಂದಿನಿಂದ ಆ ಮನೆಯಲ್ಲಿ ಸೈಕಲ್ ಎಂಬ ಮಾತೆತ್ತಿದರೆ ಅಮ್ಮ ಊಟ ಬಿಟ್ಟು ಏಳುತ್ತಿದ್ದಳು.

ಭಾನುವಾರ ಮಧ್ಯಾಹ್ನ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ಹುಡುಕುತ್ತಿದ್ದಳು. ಒಂದು ಹಗುರ, ಆದರೆ ಬೆಲೆ ಗಗನಕ್ಕೇರಿತ್ತು. ಇನ್ನೊಂದು ಅಗ್ಗ, ಆದರೆ ಮಡಚುವ ಜಾಗದ ಕೀಲು ಸಡಿಲವಾಗುತ್ತದೆಂದು ಕೊಂಡವರೆಲ್ಲ ಬೈದಿದ್ದರು. ಮೂರನೆಯದು ಹದವಾಗಿತ್ತು. ಕೊಂಡವರ ಅಭಿಪ್ರಾಯಗಳನ್ನು ಓದುತ್ತಾ ಪುಟವನ್ನು ಕೆಳಗೆ ಸರಿಸಿದಳು.

ಒಬ್ಬರು ಫೋಟೊ ಹಾಕಿದ್ದರು. ಬಿಚ್ಚಿ ನಿಲ್ಲಿಸಿದ ನೀಲಿ ಸೈಕಲ್, ಹ್ಯಾಂಡಲಿನ ಮೇಲೊಂದು ಕೈ, ಹಿಂದೆ ಹಳದಿ ಪರದೆ. ಪರದೆಯ ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ. ಆ ಕಲೆ ಮಾಡಿದವಳು ಅವಳೇ. ತಲೆಯೆತ್ತಿ ಬಾಗಿಲಾಚೆ ನೋಡಿದಳು. ಅದೇ ಪರದೆ ಹಾಲಿನ ಕಿಟಕಿಯಲ್ಲಿ ನೇತಾಡುತ್ತಿತ್ತು. ಫೋಟೊದ ಕೈಯಲ್ಲಿ ಅಮ್ಮನ ಬಳೆ.

ಕೆಳಗೆ ಬರೆದಿತ್ತು: ‘ಕೀಲು ಗಟ್ಟಿ. ಸೀಟು ಸ್ವಲ್ಪ ಗಡಸು. ಅರವತ್ತು ದಾಟಿದ ಮೇಲೆ ಕಲಿತೆ, ಒಮ್ಮೆ ಮಾತ್ರ ಬಿದ್ದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.’

ಒಮ್ಮೆ ಮಾತ್ರ ಬಿದ್ದೆ. ಬೇಸಿಗೆಯಲ್ಲಿ ಅಮ್ಮನ ಮಣಿಕಟ್ಟಿಗೆ ಪಟ್ಟಿ ಬಿದ್ದಿತ್ತು, ಬಚ್ಚಲಲ್ಲಿ ಜಾರಿದೆ ಎಂದಿದ್ದಳು.

ಮಗಳು ಅಮ್ಮನ ಕೋಣೆಗೆ ಹೋಗಿ ಮಂಚದ ಕೆಳಗೆ ಬಗ್ಗಿದಳು. ಹಳೆ ಬೆಡ್‌ಶೀಟಿನ ಗಂಟೊಂದು. ಎಳೆದರೆ ಪೆಡಲು ನೆಲವನ್ನು ಕೆರೆಯಿತು. ಆ ಸದ್ದಿಗೆ ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತುಬಿಟ್ಟಳು.

ಆಮೇಲೆ ಒಳಗೆ ಬಂದು ಮಂಚದ ಮೇಲೆ ಕೂತು ಅಮ್ಮನೇ ಹೇಳಿದಳು. ಅಪ್ಪ ಬಿದ್ದ ಆ ತಿರುವನ್ನು ಇಷ್ಟು ವರ್ಷ ತಪ್ಪಿಸಿ, ಬೇರೆ ದಾರಿಯಲ್ಲೇ ಓಡಾಡಿದ್ದಳಂತೆ. ಹೆದರಿ ಹೆದರಿ ರೋಸಿಹೋಗಿ ಇದನ್ನು ತರಿಸಿದಳಂತೆ. ಮಗಳು ಕೆಲಸಕ್ಕೆ ಹೋದ ಮೇಲೆ ಮೈದಾನದಲ್ಲಿ ಕಲಿತು, ಹೋದ ತಿಂಗಳು ಆ ತಿರುವಿನಲ್ಲೇ ಸೈಕಲ್ ಹೊಡೆದು ಬಂದಳಂತೆ.

ಮಗಳು ಕೇಳಿದಳು, “ಮತ್ತೆ ನನಗ್ಯಾಕೆ ಬೇಡ ಅಂತಿದ್ದೆ?”

“ನಾನು ಬಿದ್ರೆ ತಡ್ಕೋತೀನಿ ಪುಟ್ಟಿ. ನೀನು ಬಿದ್ರೆ ತಡ್ಕೊಳ್ಳೋ ಶಕ್ತಿ ನನಗಿಲ್ಲ.”

ಮಗಳು ಮೊಬೈಲನ್ನು ಅಮ್ಮನ ಕೈಗಿಟ್ಟಳು. ಅದರಲ್ಲಿ ತಾನು ಆರಿಸಿಟ್ಟ ಮೂರೂ ಸೈಕಲ್ಲುಗಳಿದ್ದವು. ಈಗ ಬೆಚ್ಚುವ ಸರದಿ ಅಮ್ಮನದು. ಎಷ್ಟು ದಿನದಿಂದ ಹುಡುಕುತ್ತಿದ್ದೀಯ ಎಂದು ಮೆಲ್ಲಗೆ ಕೇಳಿದಳು. ಮಳೆಗಾಲದಿಂದ ಎಂದಳು ಮಗಳು.

ಅಮ್ಮ ಕನ್ನಡಕ ಹಾಕಿಕೊಂಡು ಮೊಬೈಲಿನ ಪರದೆಯ ಮೇಲೆ ಬೆರಳಾಡಿಸಿದಳು.

“ಈ ಅಗ್ಗದ್ದು ಬೇಡ,” ಎಂದಳು. “ಬ್ರೇಕ್ ಯಾವುದರದ್ದು ಚೆನ್ನಾಗಿದೆ, ಅದನ್ನ ನೋಡೋಣ.”