ಮೂರನೇ ಮಹಡಿಯ ಪ್ರಾರ್ಥನಾ ಕೋಣೆ

ನನ್ನ ಬಾಯಿ ಜೋರು ಅನ್ನುವುದು ಆಸ್ಪತ್ರೆಯ ನಾಲ್ಕು ಮಹಡಿಗೂ ಗೊತ್ತು. ಗುಡಿಸಿ ಒರೆಸುವವಳಿಗೆ ಇಷ್ಟು ಬಾಯಿ ಯಾಕೆ ಅನ್ನುವವರಿಗೆ ನಾನು ಹೇಳುವುದು ಒಂದೇ: ಹದಿನಾರು ವರ್ಷದಿಂದ ಪೊರಕೆ ಹಿಡಿದು ಕೈ ಸವೆದಿದೆ, ಬಾಯಿಯಾದರೂ ಗಟ್ಟಿ ಇರಲಿ.

ಮೂರನೇ ಮಹಡಿಯ ಪ್ರಾರ್ಥನಾ ಕೋಣೆಯ ಬೀಗದ ಕೈ ಇರುವುದು ನನ್ನ ಸೊಂಟದಲ್ಲಿ. ಐಸಿಯು ಎದುರಿಗೇ ಇರುವ ಸಣ್ಣ ಕೋಣೆ. ಒಂದು ದೊಡ್ಡ ಚಾಪೆ, ಆರು ಕುರ್ಚಿ. ಗೋಡೆಯ ಮೇಲೆ ಯಾರ ದೇವರೂ ಇಲ್ಲ. ಬೀರುವಿನಲ್ಲಿ ಮೂರು ಅರೆ: ಮೇಲಿನದು ಅರ್ಚಕರದು, ನಡುವಿನದು ಪಾಸ್ಟರಮ್ಮನದು, ಕೆಳಗಿನದು ಮೌಲ್ವಿ ಸಾಹೇಬರದು. ಮೌಲ್ವಿಗಳಿಗೆ ಮಂಡಿನೋವು, ಬಗ್ಗಲು ಕಷ್ಟ. ಮೇಲಿನ ಅರೆ ತೆಗೆದುಕೊಳ್ಳಿ ಅಂದರೆ "ಅದು ಅವರಿಗಿರಲಿ ಬಿಡಮ್ಮ" ಅನ್ನುತ್ತಾರೆ. ಈ "ಬಿಡಮ್ಮ" ಅನ್ನುವುದೇ ಕಡೆಗೆ ನಮಗೆಲ್ಲ ಮುಳುವಾಗುವುದರಲ್ಲಿತ್ತು.

ಆ ಸೋಮವಾರ ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಮುಖ್ಯಸ್ಥರು, ನನ್ನನ್ನು ಕರೆಸಿದರು. ಕೋಣೆಯ ರಿಜಿಸ್ಟರು ಅವರ ಮೇಜಿನ ಮೇಲೆ ತೆರೆದು ಬಿದ್ದಿತ್ತು.

"ಮೂರು ತಿಂಗಳಿಗೆ ನಾಲ್ಕೇ ಸಾಲು ನೋಡಮ್ಮ. ಯಾರೂ ಬರದ ಕೋಣೆ ಇಟ್ಕೊಂಡು ಏನ್ಮಾಡ್ಲಿ? ನನಗೆ ಹಳೇ ಫೈಲಿಡೋಕೆ ಜಾಗ ಇಲ್ಲ. ಗುರುವಾರ ಹನ್ನೊಂದಕ್ಕೆ ನಾನೇ ಬಂದು ನೋಡ್ತೀನಿ. ಯಾರೂ ಪ್ರಾರ್ಥನೆ ಮಾಡ್ತಿಲ್ಲ ಅಂದ್ರೆ ಬೀಗದ ಕೈ ಕೊಟ್ಬಿಡು."

ದಿನಾ ಆ ಚಾಪೆ ಕೊಡವುವವಳು ನಾನು. ಒದ್ದೆ ಕರವಸ್ತ್ರ ಸಿಗದ ದಿನವಿಲ್ಲ. ಯಾರೂ ಬರುವುದಿಲ್ಲವಂತೆ!

ಮಧ್ಯಾಹ್ನವೇ ಮೂವರನ್ನೂ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದೆ.

"ಕೋಣೇಲಿ ದಿನಾ ಹತ್ತು ಗಂಟೆ ಹೊತ್ತು ನಿಮ್ಮದಲ್ವಾ ಸ್ವಾಮಿ? ರಿಜಿಸ್ಟರಲ್ಲಿ ಒಂದು ಗೆರೇನೂ ಇಲ್ಲ, ಯಾಕೆ?"

ಅರ್ಚಕರು ನನ್ನ ತಮ್ಮನಿಗಿಂತ ಚಿಕ್ಕವರು. ಕತ್ತು ಕೆರೆದುಕೊಂಡರು. "ನಾನು ಬರೋ ಹೊತ್ತಿಗೆ ಒಳಗೆ ಯಾರಾದ್ರೂ ಅಳ್ತಾ ಕೂತಿರ್ತಾರೆ ಅಕ್ಕ. ಹೆಂಗೆ ಎಬ್ಬಿಸೋದು? ನಮ್ಮೋರನ್ನ ಕರ್ಕೊಂಡು ಇಲ್ಲೇ ಮೆಟ್ಟಿಲ ಮೇಲೆ ಮಂತ್ರ ಹೇಳ್ಬಿಡ್ತೀನಿ."

ಪಾಸ್ಟರಮ್ಮ ಲಿಫ್ಟಿನ ಪಕ್ಕ ನಿಂತು ಪ್ರಾರ್ಥನೆ ಮಾಡಿಸುತ್ತಿದ್ದರಂತೆ. ಮೌಲ್ವಿಗಳು ಕಿಟಕಿಯ ಕೆಳಗೆ.

"ಸರಿ, ಬಿಟ್ಟುಕೊಟ್ಟೆ ಅಂತಾನಾದ್ರೂ ಬರೀಬಾರದಿತ್ತಾ?"

"ಛೆ, ಜಂಬ ಕೊಚ್ಚಿಕೊಂಡ ಹಾಗಾಗಲ್ವಾ?" ಅಂದರು ಮೌಲ್ವಿಗಳು. ಉಳಿದಿಬ್ಬರೂ ಹೌದು ಹೌದು ಎಂದು ತಲೆ ಆಡಿಸಿದರು. ಬೇರೆ ಯಾವ ಮಾತಿನಲ್ಲಿ ಒಮ್ಮತ ಇರಲಿ ಬಿಡಲಿ, ಈ ಪೆದ್ದುತನದಲ್ಲಿ ಮೂರೂ ಮತ ಒಂದೇ.

ಇನ್ನು ಒಳಗೆ ಕೂತು ಅಳುವವರು ತಾನೇ ಏನು ಬರೆದಾರು? ರಿಜಿಸ್ಟರಿನಲ್ಲಿ ಅಚ್ಚು ಹಾಕಿಸಿರುವುದು ಮೂರೇ ಕಲಂ: ಯಾವ ಮತ, ಯಾವ ವಿಧಿ, ನಡೆಸಿದವರು ಯಾರು.

"ಅತಿ ವಿನಯಂ ಧೂರ್ತ ಲಕ್ಷಣಂ ಅಂತಾರೆ. ನಿಮ್ಮದು ಧೂರ್ತತನ ಅಲ್ಲ, ಬರೀ ದಡ್ಡತನ," ಎಂದು ರೇಗಿದೆ. "ನೀವು ಮೊದಲು, ನೀವು ಮೊದಲು ಅಂತ ನಿಂತ್ಕೊಂಡ್ರೆ ಬಸ್ಸೇ ಹೊರಟೋಗುತ್ತೆ. ಗುರುವಾರ ಹತ್ತೂವರೆಗೆ ಮೂರೂ ಜನ ಒಳಗೆ ಕೂತಿರಬೇಕು. ನಿಮ್ಮ ನಿಮ್ಮ ಪುಸ್ತಕ ತೆಗೆದು, ಗಟ್ಟಿಯಾಗಿ. ತಿಳೀತಾ?"

"ಆಯ್ತು ಹೆಡ್ಮಿಸ್ಸೇ," ಅಂದು ಪಾಸ್ಟರಮ್ಮ ನಕ್ಕರು.

ನನಗೆ ನಗು ಬರಲಿಲ್ಲ. ಆ ಕೋಣೆಯನ್ನು ಬಿಟ್ಟುಕೊಡುವ ಪ್ರಶ್ನೆಯೇ ಇರಲಿಲ್ಲ. ಯಾಕೆ ಅನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಗುರುವಾರ ಎರಡನೇ ಮಹಡಿ ಒರೆಸಿ, ಬಕೆಟ್ಟು ಅಲ್ಲೇ ಬಿಟ್ಟು, ಮೇಲೆ ಓಡಿದೆ. ಹತ್ತೂ ಐವತ್ತು. ನೋಡುತ್ತೇನೆ, ಮೂವರೂ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಹೊರಗೆ ನಿಂತಿದ್ದಾರೆ! ಇವರಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

"ಒಳಗೆ ಎಂಟನೇ ಬೆಡ್ಡಿನ ತಾಯಿ ಇದ್ದಾರೆ," ಅಂದರು ಅರ್ಚಕರು ಮೆಲ್ಲಗೆ.

ಬಾಗಿಲ ಗಾಜಿನಲ್ಲಿ ಇಣುಕಿದೆ. ಎಂಟನೇ ಬೆಡ್ಡಿನಲ್ಲಿರುವುದು ಆಕೆಯ ಮಗಳು. ಹನ್ನೊಂದು ದಿನದಿಂದ ಮೆಷಿನ್ನೇ ಉಸಿರಾಡಿಸುತ್ತಿದೆ. ಮಗಳ ಎದುರಿಗೆ ಕಲ್ಲಿನ ಹಾಗೆ ನಿಂತಿರುತ್ತಿದ್ದ ಹೆಂಗಸು ಇಲ್ಲಿ ಚಾಪೆಯ ಮೇಲೆ ಮುದುಡಿ ಬಿದ್ದು, ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕುತ್ತಿದ್ದಳು.

ನನ್ನ ಕಣ್ಣು ಗಡಿಯಾರದ ಮೇಲೆ. ಹತ್ತೇ ನಿಮಿಷ. ಹತ್ತು ನಿಮಿಷ ಆಕೆಯನ್ನು ಹೊರಗೆ ಕೂರಿಸಿದರೆ ಕೋಣೆ ಉಳಿಯುತ್ತದೆ, ಆಮೇಲೆ ಬೇಕಾದಷ್ಟು ಹೊತ್ತು ಅಳಲಿ. ಹಿಡಿಕೆಗೆ ಕೈ ಹಾಕಿದೆ.

ಮೌಲ್ವಿಗಳು ನನ್ನ ಕೈಗೆ ತಮ್ಮ ಕೋಲನ್ನು ಅಡ್ಡ ಹಿಡಿದರು. ಈ ಕೋಣೆ ಆದ ನಾಲ್ಕು ವರ್ಷದಲ್ಲಿ ಅವರು ನನ್ನ ಮಾತಿಗೆ ಎದುರಾಡಿದ್ದು ಅದೊಂದೇ ಸಲ.

"ಆ ತಾಯೀನ ಎಬ್ಬಿಸಿ ಉಳಿಸ್ಕೊಳ್ಳೋ ಕೋಣೆ ನಮಗ್ಯಾಕಮ್ಮ?"

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಕೈ ತೆಗೆದೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಒಂದು ಪಕ್ಕಕ್ಕೆ ಅರ್ಚಕರು, ಇನ್ನೊಂದು ಪಕ್ಕಕ್ಕೆ ಪಾಸ್ಟರಮ್ಮ, ಮುಂದೆ ಕೋಲೂರಿಕೊಂಡು ಮೌಲ್ವಿಗಳು.

ದೊಡ್ಡ ಡಾಕ್ಟರು ಹನ್ನೊಂದಕ್ಕೆ ಸರಿಯಾಗಿ ಬಂದರು.

"ಇವತ್ತೂ ಎಲ್ಲಾ ಹೊರಗೇ ಇದ್ದೀರಲ್ಲ! ನಾನು ಹೇಳಿದ್ದು ಇದೇ. ಕೊಡಮ್ಮ ಬೀಗದ ಕೈ."

"ಕೊಡಲ್ಲ ಸಾರ್."

"ಏನಂದೆ?"

"ಕೊಡಲ್ಲ ಅಂದೆ. ಒಳಗೆ ಜನ ಇದ್ದಾರೆ."

"ಇದ್ರೆ ಪ್ರಾರ್ಥನೆ ಎಲ್ಲಿ? ಇವರು ಮೂವರೂ ಇಲ್ಲೇ ನಿಂತಿದ್ದಾರಲ್ಲ?"

"ನಾವು ನಿಂತಿರೋದೇ ಪ್ರಾರ್ಥನೆ ಅಂದ್ಕೊಳ್ಳಿ ಸಾರ್," ಅಂದರು ಪಾಸ್ಟರಮ್ಮ. ನಿಂತ ಜಾಗದಿಂದ ಕದಲಲಿಲ್ಲ.

ದೊಡ್ಡ ಡಾಕ್ಟರ ಮುಖ ಕೆಂಪೇರಿತು. ನನಗೆ ಇನ್ನು ತಡೆಯಲಾಗಲಿಲ್ಲ.

"ಆರು ವರ್ಷದ ಹಿಂದೆ ನನ್ನ ಯಜಮಾನರು ಇದೇ ಮಹಡೀಲಿ ಹೋದ್ರು ಸಾರ್. ಆಗ ಈ ಕೋಣೆ ಇರಲಿಲ್ಲ. ಎಲ್ಲಿ ಅಳ್ಲಿ? ಎರಡನೇ ಮಹಡಿ ಕಕ್ಕಸಿಗೆ ಹೋಗಿ, ಸದ್ದು ಕೇಳಬಾರದು ಅಂತ ನಲ್ಲಿ ಬಿಟ್ಕೊಂಡು ಅತ್ತೆ. ಎರಡು ನಿಮಿಷ ಆಗಿಲ್ಲ, ಯಾರೋ ಬಾಗಿಲು ಬಡಿದು ಬೇಗ ಬನ್ನಿ ಅಂದ್ರು. ಕಣ್ಣೊರೆಸ್ಕೊಂಡು ಬಂದೆ. ಆಮೇಲೆ ಅಳು ಬರಲೇ ಇಲ್ಲ, ಇವತ್ತಿನವರೆಗೂ. ಇನ್ನೊಬ್ಬಳಿಗೆ ಹಂಗಾಗೋಕೆ ನಾನು ಬಿಡಲ್ಲ. ಕೆಲಸದಿಂದ ತೆಗೀತೀರಾ, ತೆಗೀರಿ."

ಅಷ್ಟರಲ್ಲಿ ಬೆನ್ನ ಹಿಂದೆ ಬಾಗಿಲು ತೆರೆಯಿತು. ಎಂಟನೇ ಬೆಡ್ಡಿನ ತಾಯಿ ನಮ್ಮನ್ನೆಲ್ಲ ನೋಡಿ ಗಾಬರಿಯಾದಳು. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ, "ಬರೀಬೇಕಿತ್ತೇನೋ, ಬರೀತೀನಿ," ಎನ್ನುತ್ತ ಬಾಗಿಲ ಪಕ್ಕಕ್ಕೆ ವಾಪಸು ಬಂದಿದ್ದ ರಿಜಿಸ್ಟರಿನ ದಾರ ಕಟ್ಟಿದ ಪೆನ್ನು ಎತ್ತಿಕೊಂಡಳು. ಮೂರು ಕಲಮಿನ ಮೇಲೂ ಒಂದೊಂದಾಗಿ ಬೆರಳಾಡಿಸಿದಳು. ಆಮೇಲೆ ಮೂರಕ್ಕೂ ಅಡ್ಡಲಾಗಿ ಒಂದೇ ಸಾಲು ಬರೆದು, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಐಸಿಯು ಕಡೆಗೆ ನಡೆದಳು.

ದೊಡ್ಡ ಡಾಕ್ಟರು ಬಗ್ಗಿ ಓದಿದರು. "ಮಗಳಿಗೆ ಕಾಣದ ಹಾಗೆ ಅಳುವುದಕ್ಕೆ ಬಂದಿದ್ದೆ. ನಲವತ್ತು ನಿಮಿಷ."

ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಪೆನ್ನು ತೆಗೆದು ಅಚ್ಚಾಗಿದ್ದ ಮೂರೂ ಕಲಮಿನ ತಲೆಬರಹ ಹೊಡೆದುಹಾಕಿದರು. "ಫೈಲು ನನ್ನ ರೂಮಲ್ಲೇ ಇಡ್ಸಿ," ಎಂದು ಯಾರಿಗೋ ಹೇಳಿದಂತೆ ಹೇಳಿ ಮೆಟ್ಟಿಲಿಳಿದರು.

ಅರ್ಚಕರು ಉಸ್ಸಪ್ಪಾ ಎಂದು ಗೋಡೆಗೊರಗಿದರು. ನಾನು ಪೆನ್ನು ತೆಗೆದುಕೊಂಡು ಆ ತಾಯಿಯ ಸಾಲಿನ ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲಿ ಬರೆದೆ: "ಯಜಮಾನರಿಗೆ. ಆರು ವರ್ಷ ತಡ."

"ಅಕ್ಕ, ಹನ್ನೊಂದು ಪಾಸ್ಟರಮ್ಮನ ಹೊತ್ತಲ್ವಾ..." ಅರ್ಚಕರು ಬಾಯಿ ತೆಗೆದರು.

"ಇವರು ಹೋಗಲಿ ಬಿಡಿ," ಅಂದರು ಪಾಸ್ಟರಮ್ಮ.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅರ್ಧ ಗಂಟೆ ಯಾರೂ ಬಾಗಿಲು ಬಡಿಯಲಿಲ್ಲ. ಕಣ್ಣೊರೆಸಿಕೊಂಡು ಹೊರಗೆ ಬಂದಾಗ ಮೂವರೂ ಮೆಟ್ಟಿಲ ಮೇಲೆ ಸಾಲಾಗಿ ಕೂತು ಕಾಯುತ್ತಿದ್ದರು.